ಕಾವಲಿದ್ದರೆ ಹಿಂಡು ಮರಳೀತು

ಅಂತರಘಟ್ಟಮ್ಮನ ಜಾತ್ರೆಗೆ ಹೋಗಿ ಬಂದವರಿಗೆ ಗೊತ್ತಿರುತ್ತದೆ. ಅಲ್ಲಿ ಅಮ್ಮನ ದರ್ಶನದ ಆಸೆ ಎಷ್ಟೋ, ಎತ್ತುಗಳನ್ನು ನೋಡುವ ಆಸೆಯೂ ಅಷ್ಟೇ. ಅಜ್ಜಂಪುರ ತಾಲ್ಲೂಕಿನ ಈ ಊರಿಗೆ ಟ್ರ್ಯಾಕ್ಟರು, ಬೈಕು, ಕಾರುಗಳ ನಡುವೆಯೂ ಎತ್ತಿನ ಗಾಡಿ ಕಟ್ಟಿಕೊಂಡು ಬರುವವರು ಈಗಲೂ ಇದ್ದಾರೆ. ಬೂದು ಮೈಯ, ಈಟಿಯಂಥ ಕೋಡಿನ ಅಮೃತ ಮಹಲ್ ಜೋಡಿಯೊಂದು ಬಂದು ನಿಂತರೆ ಸಾಕು, ಹಿರಿಯರು ಅದರ ಸುಳಿ ನೋಡುತ್ತಾರೆ, ಹುಡುಗರು ಮೊಬೈಲು ತೆಗೆದು ಫೋಟೋ ಹಿಡಿಯುತ್ತಾರೆ.

ಕಳೆದ ಸಲ ನಾನು ಹೋದಾಗ ಅಂಥದೊಂದು ಜೋಡಿಯ ಪಕ್ಕದಲ್ಲಿ, ಹೊಂಗೆ ಮರದ ನೆರಳಿನಲ್ಲಿ ಕೂತಿದ್ದ ಕುಟುಂಬವೊಂದು ಗುರುತು ಹಿಡಿದು ಕರೆಯಿತು. ಈರುಳ್ಳಿ ಬೆಳೆಯುವ ಮನೆ, ಜತೆಗೆ ಸ್ವಲ್ಪ ಅಡಿಕೆ ತೋಟ. ಮಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಎಂ.ಎಸ್ಸಿ. ಮುಗಿಸಿದ್ದಾಳೆ. ಜರ್ಮನಿಯ ಒಂದು ವಿಶ್ವವಿದ್ಯಾಲಯದಿಂದ ಪಿಎಚ್.ಡಿ.ಗೆ ಕರೆ ಬಂದಿದೆ. ಒಂದು ತಿಂಗಳೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

"ಮೇಷ್ಟ್ರೇ, ಸಾಲ ಎಷ್ಟಾಗಬಹುದು?" ಎಂದರು ಅಪ್ಪ. "ಹೋದೋಳು ವಾಪಸ್ಸು ಬರ್ತಾಳಾ?" ಎಂದರು ಅಮ್ಮ. ಸೋದರಮಾವನದು ಬೇರೆ ತಕರಾರು: "ನಮ್ಮ ಸರ್ಕಾರದ ದುಡ್ಡಲ್ಲಿ ಓದಿ ಬೇರೆ ದೇಶಕ್ಕೆ ದುಡಿಯೋದು ಸರೀನಾ ಸಾರ್?" ಮೂರಕ್ಕೂ ನಾನು ಏನೋ ಒಂದು ಹೇಳುತ್ತಿದ್ದೆ. ಅಷ್ಟು ಹೊತ್ತೂ ಸುಮ್ಮನಿದ್ದ ಹುಡುಗಿ ಕೊನೆಗೆ ಕೇಳಿದಳು: "ಓದಿ ವಾಪಸ್ಸು ಬಂದ್ರೆ ಇಲ್ಲಿ ಯಾರಾದ್ರೂ ನನ್ನ ಕರೀತಾರಾ ಸಾರ್?"

ಇದಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಪಾನಕ ಕುಡಿದು ಎದ್ದು ಬಂದೆ. ಆದರೆ ಪ್ರಶ್ನೆ ನನ್ನ ಜತೆಯೇ ಬಸ್ಸು ಹತ್ತಿತು. ಬೀರೂರು ದಾಟುವ ಹೊತ್ತಿಗೆ ನೆನಪಾದದ್ದು, ಇದೇ ದಾರಿಗೆ ಎದುರಾಗಿ, ಅಂದರೆ ಜರ್ಮನಿಯಿಂದ ನಮ್ಮ ಬೆಂಗಳೂರಿಗೆ ಬಂದಿದ್ದ ಒಬ್ಬ ವಿಜ್ಞಾನಿಯ ಕತೆ. ಅವರೂ ಹೆಚ್ಚೂಕಡಿಮೆ ಇದೇ ಪ್ರಶ್ನೆ ಹಿಡಿದು ಬಂದಿದ್ದರು.

ಅವರ ಹೆಸರು ಮ್ಯಾಕ್ಸ್ ಬಾರ್ನ್. ಪಿಯುಸಿ ದಾಟಿ ಭೌತವಿಜ್ಞಾನ ಓದಿದ ಯಾರಿಗೂ ಈ ಹೆಸರು ಹೊಸದಲ್ಲ. ಪರಮಾಣುವಿನ ಒಳಗೆ ಎಲೆಕ್ಟ್ರಾನು ಇಂಥ ಕಡೆಯೇ ಇದೆ ಎಂದು ಹೇಳಲಾಗದು, ಅಲ್ಲಿರುವ ಸಂಭವ ಎಷ್ಟು ಎಂದಷ್ಟೇ ಹೇಳಬಹುದು ಎಂಬ ಮಾತನ್ನು 1926ರಲ್ಲಿ ಹೇಳಿದವರು ಅವರು. ಜರ್ಮನಿಯ ಗಾಟಿಂಗೆನ್‌ನಲ್ಲಿ ಅವರ ಸುತ್ತ ಹೈಸನ್‌ಬರ್ಗ್‌ನಂಥ ಹುಡುಗರ ದಂಡೇ ಇತ್ತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಮೂಲದವರನ್ನು ಸರ್ಕಾರಿ ಹುದ್ದೆಗಳಿಂದ ತೆಗೆಯುವ ಕಾನೂನು ಬಂತು. ಆ ಏಪ್ರಿಲ್ಲಿನಲ್ಲೇ ಬಾರ್ನ್ ಕೆಲಸ ಕಳೆದುಕೊಂಡರು.

ಜಗತ್ತಿನ ಇತಿಹಾಸದಲ್ಲಿ ಅಷ್ಟೊಂದು ವಿದ್ವಾಂಸರು ಒಟ್ಟಿಗೆ ಬೀದಿಗೆ ಬಿದ್ದದ್ದು ಅಪರೂಪ. ಬುದ್ಧಿವಂತ ದೇಶಗಳು ಆಗ ಸುಮ್ಮನೆ ಕೂರಲಿಲ್ಲ. ಐನ್‌ಸ್ಟೈನ್ ಅಮೆರಿಕದ ಪ್ರಿನ್ಸ್‌ಟನ್ ಸೇರಿದರು. ಬ್ರಿಟನ್ನಿನಲ್ಲಿ ವಿದ್ವಾಂಸರಿಗೆ ನೆರವಾಗಲೆಂದೇ ಒಂದು ಸಮಿತಿ ಹುಟ್ಟಿತು. ರುದರ್‌ಫರ್ಡ್ ಅದರ ಮುಂದಾಳು. ಟರ್ಕಿಯ ಇಸ್ತಾಂಬುಲ್ ವಿಶ್ವವಿದ್ಯಾಲಯ ಹಲವು ಜರ್ಮನ್ ಪ್ರಾಧ್ಯಾಪಕರನ್ನು ಕರೆಸಿಕೊಂಡಿತು. ಇತ್ತ ಬೆಂಗಳೂರಿನಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ನಮ್ಮವರು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲೇ ಸಿ.ವಿ. ರಾಮನ್ ನಿರ್ದೇಶಕರಾಗಿ ಬಂದಿದ್ದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಇಂಥ ಕಾಲ ಮತ್ತೆ ಬರುವುದಿಲ್ಲವೆಂದು ರಾಮನ್ನರಿಗೆ ಗೊತ್ತಿತ್ತು. ಅವರು ಬಾರ್ನ್‌ಗೆ ಕರೆ ಕಳಿಸಿದರು.

1935ರ ಕೊನೆಯ ಹೊತ್ತಿಗೆ ಬಾರ್ನ್ ಹೆಂಡತಿ ಹೆಡಿಯೊಂದಿಗೆ ಬೆಂಗಳೂರಿಗೆ ಬಂದರು. ಸುಮಾರು ಆರು ತಿಂಗಳು ಇದ್ದರು, ಉಪನ್ಯಾಸ ಕೊಟ್ಟರು. ಸೆಂಟ್ರಲ್ ಕಾಲೇಜಿನ ಗಣಿತಜ್ಞ ಬಿ.ಎಸ್. ಮಾಧವರಾವ್ ಅವರಂಥವರು ಬಾರ್ನ್‌ರ ಸಿದ್ಧಾಂತದ ಮೇಲೆ ಕೆಲಸ ಮಾಡಿ ಪ್ರಬಂಧ ಪ್ರಕಟಿಸಿದರು. ನೋಡಿ, ಒಬ್ಬ ದೊಡ್ಡ ಮನುಷ್ಯ ಊರಿಗೆ ಬಂದು ಆರು ತಿಂಗಳಿದ್ದರೆ ಇಷ್ಟಾಗುತ್ತದೆ. ಇಪ್ಪತ್ತು ವರ್ಷ ಇದ್ದಿದ್ದರೆ?

ರಾಮನ್ನರ ಲೆಕ್ಕವೂ ಅದೇ ಆಗಿತ್ತು. ಬಾರ್ನ್‌ರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಕೊಡಬೇಕೆಂದು ಅವರು ಸಂಸ್ಥೆಯ ಸಭೆಯ ಮುಂದಿಟ್ಟರು. ಬಾರ್ನ್ ಕೂಡ ಆ ಸಭೆಯಲ್ಲಿ ಕೂತಿದ್ದರು. ಆಗ ಇಂಗ್ಲೆಂಡಿನಿಂದ ಹೊಸದಾಗಿ ಬಂದಿದ್ದ ಒಬ್ಬ ಪ್ರಾಧ್ಯಾಪಕರು ಎದ್ದು ನಿಂತು, ಸ್ವಂತ ದೇಶದವರೇ ಹೊರದಬ್ಬಿದ ಇಂಥ ಎರಡನೆಯ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದಲ್ಲಿ ಮಾತಾಡಿದರು. ಅಂದು ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆ ಎಂದು ಬಾರ್ನ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹುದ್ದೆ ಆಗಲಿಲ್ಲ.

ತಪ್ಪೆಲ್ಲ ಆ ಒಬ್ಬರದೇ ಎಂದು ಹೇಳಿದರೆ ಅರ್ಧ ಸತ್ಯವಾದೀತು. ರಾಮನ್ನರಿಗೆ ಅವಸರ ಜಾಸ್ತಿ. ಎಲ್ಲರನ್ನೂ ಜತೆಗೆ ಕರೆದುಕೊಂಡು ಹೋಗುವ ಜಾಯಮಾನ ಅವರದಲ್ಲ. ಭೌತವಿಜ್ಞಾನಕ್ಕೇ ದುಡ್ಡು ಸುರಿಯುತ್ತಾರೆಂದು ಉಳಿದ ವಿಭಾಗದವರಿಗೆ ಸಿಟ್ಟಿತ್ತು. ಕೊನೆಗೆ 1937ರಲ್ಲಿ ರಾಮನ್ನರೇ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಬಾರ್ನ್ ಉಳಿದಿದ್ದರೂ ಇಬ್ಬರಿಗೆ ಹೊಂದಿಕೆ ಆಗುತ್ತಿತ್ತೆಂದು ಖಾತ್ರಿಯಿಲ್ಲ. ಮುಂದೆ ಹರಳುಗಳೊಳಗಿನ ಪರಮಾಣುಗಳ ಕಂಪನದ ವಿಷಯದಲ್ಲಿ ಅವರಿಬ್ಬರೂ ವರ್ಷಗಟ್ಟಲೆ ವಾದಕ್ಕೆ ನಿಂತದ್ದುಂಟು. ಇರಲಿ, ಒಂದೇ ಊರಿನಲ್ಲಿದ್ದು ಜಗಳವಾಡಿದ್ದರೂ ನೋಡುವ ಹುಡುಗರಿಗೆ ಅದು ಪಾಠವೇ ಆಗುತ್ತಿತ್ತು.

ಬಾರ್ನ್ ಮುಂದೇನಾದರು? ಮಾಸ್ಕೋದಿಂದ ಕಪಿಟ್ಸಾ ಕರೆದಿದ್ದರು. ಅತ್ತ ಹೋಗುವ ಯೋಚನೆಯಲ್ಲಿದ್ದಾಗಲೇ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುದ್ದೆ ಸಿಕ್ಕಿತು. 1936ರಲ್ಲಿ ಹೋದವರು 1953ರಲ್ಲಿ ನಿವೃತ್ತರಾಗುವವರೆಗೆ ಅಲ್ಲೇ ಉಳಿದರು. ಮರುವರ್ಷ, 1954ರಲ್ಲಿ, ನೊಬೆಲ್ ಬಹುಮಾನ ಬಂತು. ಬೆಂಗಳೂರಿನಲ್ಲಿ ಸಾಲದೆನಿಸಿದವರು ಸ್ಟಾಕ್‌ಹೋಮಿನಲ್ಲಿ ಸಾಕೆನಿಸಿದರು.

ನೊಬೆಲ್ ತಪ್ಪಿತೆಂದು ನಾನು ಕೊರಗುವವನಲ್ಲ. ಕೊರಗಬೇಕಾದದ್ದು ಬೇರೆ ಇದೆ. ಎಡಿನ್‌ಬರೋದಲ್ಲಿ ಬಾರ್ನ್ ಬಳಿಗೆ ಚೀನಾದ ಹುಡುಗರು ಬಂದರು. ಪೆಂಗ್ ಹುವಾನ್‌ವು 1940ರಲ್ಲಿ, ಚೆಂಗ್ ಕೈಜಿಯಾ 1948ರಲ್ಲಿ ಅಲ್ಲಿ ಪಿಎಚ್.ಡಿ. ಪಡೆದರು. ಹುವಾಂಗ್ ಕುನ್ ಎಂಬ ಇನ್ನೊಬ್ಬ ತರುಣ ಬಾರ್ನ್ ಜತೆ ಸೇರಿ ಹರಳುಗಳ ಬಗ್ಗೆ ಬರೆದ ಗ್ರಂಥ 1954ರಲ್ಲಿ ಬಂತು. ಈಗಲೂ ಅದನ್ನು ಓದುತ್ತಾರೆ. ಮೂವರೂ ಚೀನಾಕ್ಕೆ ಮರಳಿದರು. ಮೊದಲಿಬ್ಬರು ಆ ದೇಶದ ಅಣು ಕಾರ್ಯಕ್ರಮದ ಪ್ರಮುಖರಾದರು. ಹುವಾಂಗ್ ಕುನ್ ಅಲ್ಲಿನ ಅರೆವಾಹಕ ವಿಜ್ಞಾನಕ್ಕೆ ಬುನಾದಿ ಹಾಕಿದರು. ಬಾರ್ನ್ ಎಂಬ ಮರ ಬೆಂಗಳೂರಿನಲ್ಲಿ ಬೇರು ಬಿಟ್ಟಿದ್ದರೆ ಅದರ ನೆರಳಿನಲ್ಲಿ ಯಾರ್ಯಾರು ಬೆಳೆಯುತ್ತಿದ್ದರೋ! ಒಬ್ಬ ವಿಜ್ಞಾನಿಯನ್ನು ಕಳೆದುಕೊಂಡರೆ ಒಬ್ಬನನ್ನಷ್ಟೇ ಕಳೆದುಕೊಂಡಂತಲ್ಲ. ಅವನ ಬಳಿ ಕಲಿಯಬೇಕಿದ್ದವರನ್ನೂ ಕಳೆದುಕೊಂಡಂತೆ.

ಇದರ ತಿರುವುಮುರುವು ಕತೆಯೂ ಅದೇ ಸಂಸ್ಥೆಯಲ್ಲಿ ನಡೆಯಿತು. 1939ರಲ್ಲಿ ಕೇಂಬ್ರಿಜ್‌ನಿಂದ ಹೋಮಿ ಭಾಭಾ ರಜೆಗೆಂದು ಊರಿಗೆ ಬಂದಿದ್ದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿ ಹಿಂತಿರುಗಲು ಆಗಲಿಲ್ಲ. ರಾಮನ್ ಇದ್ದ ಭೌತವಿಜ್ಞಾನ ವಿಭಾಗ ಅವರಿಗೆ ಜಾಗ ಕೊಟ್ಟಿತು. ಕಾಸ್ಮಿಕ್ ಕಿರಣಗಳ ಅಧ್ಯಯನಕ್ಕೆ ಅಲ್ಲೇ ಒಂದು ಘಟಕ ಎದ್ದಿತು. ಯುದ್ಧ ಮುಗಿಯುವ ಹೊತ್ತಿಗೆ ಭಾಭಾರ ಮನಸ್ಸು ಇಲ್ಲಿ ನಿಂತಿತ್ತು. 1945ರಲ್ಲಿ ಅವರು ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮೊದಲು ಕೆಲಸ ಶುರುಮಾಡಿದ್ದೂ ಬೆಂಗಳೂರಿನಲ್ಲೇ. ಆಮೇಲೆ ಮುಂಬಯಿಗೆ ಹೋಯಿತು. ರಜೆಗೆ ಬಂದವನಿಗೆ ಒಂದು ಮೇಜು, ಒಂದಿಷ್ಟು ಉಪಕರಣ, ಮಾತಾಡಲು ನಾಲ್ಕು ಜನ ಸಿಕ್ಕಿದ್ದಕ್ಕೆ ದೇಶಕ್ಕೊಂದು ಸಂಸ್ಥೆ ಸಿಕ್ಕಿತು.

ಅಂತರಘಟ್ಟೆಯ ಆ ಹುಡುಗಿಗೆ ನಾನು ಹೇಳಬೇಕಾಗಿದ್ದದ್ದು ಇನ್ನೊಂದು ಹೆಸರು, ರಾಜೇಶ್ವರಿ ಚಟರ್ಜಿ. 1922ರಲ್ಲಿ ಹುಟ್ಟಿದ ಮೈಸೂರು ಸೀಮೆಯ ಹೆಣ್ಣುಮಗಳು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿ, 1940ರ ದಶಕದಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿ ಅಮೆರಿಕದ ಮಿಷಿಗನ್‌ಗೆ ಹೋದರು. ಆ ಕಾಲದಲ್ಲಿ ಮದುವೆಯಾಗದ ಹುಡುಗಿ ಒಬ್ಬಳೇ ಸಮುದ್ರ ದಾಟುವುದೆಂದರೆ ನೆರೆಹೊರೆಯವರು ಏನೆಲ್ಲ ಅಂದಿರಬೇಕು, ಊಹಿಸಿಕೊಳ್ಳಿ. ಡಾಕ್ಟರೇಟು ಪಡೆದು 1953ರಲ್ಲಿ ಮರಳಿದರು. ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ ಮೈಕ್ರೋವೇವ್ ಮತ್ತು ಆಂಟೆನಾ ವಿದ್ಯೆಯನ್ನು ದಶಕಗಳ ಕಾಲ ಕಲಿಸಿದರು. ಅವರಿಗೆ ಹೋಗುವ ದಾರಿಯೂ ಇತ್ತು, ಬರಲು ಜಾಗವೂ ಇತ್ತು.

ಉಡುಪಿಯ ಹತ್ತಿರದ ಅದಮಾರಿನ ಯು.ಆರ್. ರಾವ್ ಅವರದೂ ಇದೇ ಬಗೆ. ಅಮೆರಿಕದ ಎಂಐಟಿ, ಡಲ್ಲಾಸ್‌ಗಳಲ್ಲಿ ಬಾಹ್ಯಾಕಾಶ ನೌಕೆಗಳ ಮೇಲೆ ಪ್ರಯೋಗ ಮಾಡುತ್ತಿದ್ದವರು 1966ರಲ್ಲಿ ಅಹಮದಾಬಾದಿಗೆ ಮರಳಿದರು. ಅಲ್ಲಿ ಗುರು ವಿಕ್ರಂ ಸಾರಾಭಾಯಿ ಇದ್ದರು, ಮಾಡಲು ಕೆಲಸವಿತ್ತು. ಮುಂದೆ ನಮ್ಮ ಮೊದಲ ಉಪಗ್ರಹ ಆರ್ಯಭಟವನ್ನು ರಾವ್ ಮತ್ತು ಅವರ ತಂಡ ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಅದು ಮೇಲೇರಿತು. ಹವಾನಿಯಂತ್ರಿತ ಅರಮನೆ ಕೊಟ್ಟಿದ್ದಕ್ಕೆ ಅವರು ಬರಲಿಲ್ಲ, ನೋಡಿ. ಷೆಡ್ಡಾದರೂ ಸರಿ, ಅದರೊಳಗೆ ಉಪಗ್ರಹ ಕಟ್ಟಲು ಬಿಟ್ಟರು ಎಂಬುದಕ್ಕೆ ನಿಂತರು.

ಜಾಗ ಸಿಗದವರ ಕತೆಗಳೂ ಇವೆ. ಹರಗೋಬಿಂದ್ ಖೊರಾನಾ ಹುಟ್ಟಿದ್ದು ಪಂಜಾಬಿನ ಒಂದು ಸಣ್ಣ ಹಳ್ಳಿಯಲ್ಲಿ. ಆ ಊರಿನಲ್ಲಿ ಓದುಬರಹ ಬಲ್ಲ ಮನೆ ಹೆಚ್ಚೂಕಡಿಮೆ ಅವರದೊಂದೇ. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಇಂಗ್ಲೆಂಡಿಗೆ ಹೋಗಿ ಡಾಕ್ಟರೇಟು ಮುಗಿಸಿ, 1949ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿದರು. ತಕ್ಕ ಕೆಲಸ ಸಿಗಲಿಲ್ಲ. ಮತ್ತೆ ಕೇಂಬ್ರಿಜ್‌ಗೆ ಹೋದರು. ಅಲ್ಲಿಂದ ಕೆನಡಾ, ಆಮೇಲೆ ಅಮೆರಿಕ. 1968ರಲ್ಲಿ ನೊಬೆಲ್ ಬಂದಾಗ ನಮ್ಮ ಪತ್ರಿಕೆಗಳೆಲ್ಲ ಭಾರತೀಯನಿಗೆ ನೊಬೆಲ್ ಎಂದು ಹಿಗ್ಗಿದವು. ಬಂದಾಗ ಕೂರಿಸಲಿಲ್ಲ, ಗೆದ್ದಾಗ ನೆಂಟಸ್ತಿಕೆ ಹೇಳಿದೆವು.

ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದರು. ಅರವತ್ತರ ಹೊಸ್ತಿಲಲ್ಲಿ, ಇಲ್ಲಿ ಮಾಲೆ ಹಾಕಿ ಬೀಳ್ಕೊಡುವ ವಯಸ್ಸಿನಲ್ಲಿ, ಅಮೆರಿಕಕ್ಕೆ ಹೋಗಿ ಮತ್ತೆ ದಶಕಗಳ ಕಾಲ ಕೆಲಸ ಮಾಡಿದರು. 2023ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಪಡೆದು ಅದೇ ವರ್ಷ ತೀರಿಕೊಂಡರು. ಹೋಗುವವರು ಎಳೆಯರು ಮಾತ್ರ ಎಂದು ತಿಳಿಯಬೇಡಿ.

ಹೋಗಿ ಅಲ್ಲೇ ಉಳಿದವರನ್ನು ನಾವು ಬೈಯಬೇಕೇ? ಹುಬ್ಬಳ್ಳಿಯಲ್ಲಿ ಶಾಲೆ ಕಲಿತ ಶ್ರೀನಿವಾಸ ಕುಲಕರ್ಣಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ನೆಲೆ ನಿಂತ ಖಗೋಳ ವಿಜ್ಞಾನಿ. ನಕ್ಷತ್ರವೂ ಆಗದ, ಗ್ರಹವೂ ಅಲ್ಲದ ಕಂದು ಕುಬ್ಜವೊಂದನ್ನು ಖಚಿತವಾಗಿ ತೋರಿಸಿದ 1995ರ ತಂಡದಲ್ಲಿ ಅವರಿದ್ದರು. 2024ರಲ್ಲಿ ಅವರಿಗೆ ಷಾ ಬಹುಮಾನ ಬಂತು. ಅವರ ಕೆಲಸಕ್ಕೆ ಬೇಕಾದಂಥ ದೊಡ್ಡ ದೂರದರ್ಶಕಗಳು ಅಲ್ಲಿದ್ದವು. ಆಕಾಶ ಎಲ್ಲರಿಗೂ ಸೇರಿದ್ದು. ಕಂಡದ್ದನ್ನು ಅವರು ಜಗತ್ತಿಗೇ ಹೇಳಿದರು. ನಮ್ಮ ಹುಡುಗರೂ ಅದನ್ನು ಓದುತ್ತಿದ್ದಾರೆ.

ಪ್ರತಿಭಾ ಪಲಾಯನ ಎಂಬ ಮಾತು ನಮ್ಮಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಚರ್ಚಾಸ್ಪರ್ಧೆಗೆ ಅದಕ್ಕಿಂತ ಒಳ್ಳೆಯ ವಿಷಯ ಇನ್ನೊಂದಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಬ್ರೇನ್ ಡ್ರೇನ್ ಎನ್ನುತ್ತಾರೆ. ತಮಾಷೆಯೆಂದರೆ ಆ ಮಾತು ಹುಟ್ಟಿದ್ದು ನಮ್ಮಂಥ ದೇಶಗಳ ಬಗ್ಗೆ ಅಲ್ಲ. ಬ್ರಿಟನ್ನಿನ ವಿಜ್ಞಾನಿಗಳು ಅಮೆರಿಕಕ್ಕೆ ಹೋಗುತ್ತಿದ್ದಾರೆಂದು 1963ರಲ್ಲಿ ರಾಯಲ್ ಸೊಸೈಟಿ ವರದಿ ಮಾಡಿದಾಗ ಅಲ್ಲಿನ ಪತ್ರಿಕೆಯವರು ಕಟ್ಟಿದ ಮಾತು ಅದು. ನಮ್ಮನ್ನು ಆಳಿದವರಿಗೂ ಈ ನೋವಿತ್ತು ಎಂದಾಯಿತು. ಪಲಾಯನವೆಂದರೆ ಓಡಿಹೋಗುವುದು. ಬಾರ್ನ್ ಮಾಡಿದ್ದು ನಿಜವಾದ ಪಲಾಯನ, ಪ್ರಾಣಭಯದ್ದು. ಫೆಲೋಷಿಪ್ಪು ಸಿಕ್ಕಿ, ಪಾಸ್‌ಪೋರ್ಟು ಮಾಡಿಸಿ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಹಿಡಿದು ವಿಮಾನ ಹತ್ತುವ ಹುಡುಗಿಗೆ ಆ ಪದ ಒಪ್ಪುವುದಿಲ್ಲ.

ಇನ್ನು ಈಗಿನ ಸಂತೆಯ ವಿಚಾರ. ವಿಜ್ಞಾನಿಗಳಿಗಾಗಿ ದೇಶಗಳ ನಡುವಿನ ಪೈಪೋಟಿ 1933ರ ನಂತರ ಇಷ್ಟು ಬಿಸಿಯೇರಿದ್ದು ಕಡಿಮೆ. 2025ರಲ್ಲಿ ಅಮೆರಿಕ ಸರ್ಕಾರ ಬಹಳಷ್ಟು ಸಂಶೋಧನಾ ಅನುದಾನಗಳನ್ನು ರದ್ದು ಮಾಡಿತು. ಅದೇ ಸೆಪ್ಟೆಂಬರಿನಲ್ಲಿ, ಹೊರದೇಶದವರನ್ನು ಎಚ್-1ಬಿ ವೀಸಾದ ಮೇಲೆ ಹೊಸದಾಗಿ ಕರೆಸಿಕೊಳ್ಳಲು ಒಂದು ಲಕ್ಷ ಡಾಲರ್ ಶುಲ್ಕವೆಂದು ಸಾರಿತು. ಯುರೋಪಿನ ಒಕ್ಕೂಟ ಇದನ್ನೇ ಕಾಯುತ್ತಿದ್ದಂತೆ, 2025ರ ಮೇ ತಿಂಗಳಲ್ಲಿ, ಹೊರಗಿನ ಸಂಶೋಧಕರನ್ನು ಸೆಳೆಯಲು 2027ರವರೆಗಿನ ಮೂರು ವರ್ಷಕ್ಕೆ 50 ಕೋಟಿ ಯೂರೋಗಳ ಯೋಜನೆ ಪ್ರಕಟಿಸಿತು. ಚೀನಾ 2008ರಿಂದಲೇ ಹೊರಗಿದ್ದ ತನ್ನವರನ್ನು ಪ್ರಯೋಗಾಲಯ, ಹಣ, ಮನೆ ಕೊಟ್ಟು ಕರೆಸಿಕೊಳ್ಳುವ ಕಾರ್ಯಕ್ರಮ ನಡೆಸಿತ್ತು. 2025ರ ಅಕ್ಟೋಬರಿನಿಂದ ತರುಣ ವಿಜ್ಞಾನಿಗಳಿಗೆಂದೇ ಹೊಸ ಬಗೆಯ ವೀಸಾ ತಂದಿತು.

ನಾವೇನೂ ಕೈಕಟ್ಟಿ ಕೂತಿಲ್ಲ. ಹೊರಗಿನಿಂದ ಮರಳುವವರಿಗೆ ರಾಮಾನುಜನ್ ಫೆಲೋಷಿಪ್, ರಾಮಲಿಂಗಸ್ವಾಮಿ ಫೆಲೋಷಿಪ್‌ಗಳು ಬಂದು ವರ್ಷಗಳಾದವು. ಅವನ್ನು ಹಿಡಿದು ಬಂದವರು ಬೆಂಗಳೂರಿನ ಪ್ರಯೋಗಾಲಯಗಳಲ್ಲೂ ಕಾಣಸಿಗುತ್ತಾರೆ. ಸಂಶೋಧನೆಗೆ ಹಣ ಒದಗಿಸಲು 2023ರಲ್ಲಿ ಹೊಸ ರಾಷ್ಟ್ರೀಯ ಪ್ರತಿಷ್ಠಾನದ ಕಾನೂನು ಬಂತು. ಆದರೆ ಲೆಕ್ಕ ನೋಡಿದರೆ, 2020-21ರಲ್ಲಿ ದೇಶದ ಒಟ್ಟು ಉತ್ಪನ್ನದ ಪ್ರತಿ ನೂರು ರೂಪಾಯಿಯಲ್ಲಿ ಸಂಶೋಧನೆಗೆ ಹೋದದ್ದು 64 ಪೈಸೆ. ಚೀನಾದಲ್ಲಿ ಅದು ಎರಡು ರೂಪಾಯಿ ದಾಟಿ ಎಷ್ಟೋ ಕಾಲವಾಯಿತು. ದಕ್ಷಿಣ ಕೊರಿಯಾದಲ್ಲಿ ಐದರ ಹತ್ತಿರ. 2023ರಲ್ಲಿ ಕಿರಿಯ ಸಂಶೋಧಕರ ಫೆಲೋಷಿಪ್ಪನ್ನು ತಿಂಗಳಿಗೆ 31 ಸಾವಿರದಿಂದ 37 ಸಾವಿರಕ್ಕೆ ಏರಿಸಿದರು, ಸಂತೋಷ. ಆದರೆ ಅದು ತಿಂಗಳ ಕೊನೆಗೆ ಸರಿಯಾಗಿ ಕೈಸೇರುವುದಿಲ್ಲವೆಂಬ ಗೋಳು ಹುಡುಗರ ಬಾಯಲ್ಲಿ ಕೇಳುತ್ತಲೇ ಇರುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊರಗೆ ಕಲಿತು, ಊರಿಗೇ ಬರಬೇಕೆಂದು ಹಟ ಹಿಡಿದು ಬಂದ. ಒಂದು ಕಡೆ ಅರ್ಜಿ ಹಾಕಿದ. ವರ್ಷ ಕಾದ. ಅಪ್ಪನ ಜತೆ ತೋಟಕ್ಕೆ ನೀರು ಹಾಯಿಸಿದ. ಕೊನೆಗೆ ಮತ್ತೆ ಹೊರಟುಹೋದ. ಸಂದರ್ಶನದ ಪತ್ರ ಬಂದದ್ದು ಅವನು ಹೋದ ಮೂರನೆಯ ತಿಂಗಳಿಗೆ. ಅದನ್ನು ಅವನ ಅಮ್ಮ ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ಅವನಿಗೆ ಸಂಬಳ ಕಡಿಮೆಯೆಂಬ ದೂರೇ ಇರಲಿಲ್ಲ. ಇಲ್ಲ ಎಂದಾದರೂ ಬೇಗ ಹೇಳಿದ್ದರೆ ಸಾಕಿತ್ತು ಎನ್ನುತ್ತಾನೆ.

ಮತ್ತೆ ಅಂತರಘಟ್ಟೆಯ ಎತ್ತುಗಳ ಹತ್ತಿರ ಬರೋಣ. ಅಮೃತ ಮಹಲ್ ತಳಿ ತಾನಾಗಿ ಉಳಿದದ್ದಲ್ಲ. ಮೈಸೂರಿನ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಹಿಡಿದು, ಹೈದರ್ ಮತ್ತು ಟಿಪ್ಪುವಿನ ಕಾಲದವರೆಗೂ ಅದಕ್ಕೆಂದೇ ಕಾವಲುಗಳನ್ನು ಬಿಟ್ಟಿದ್ದರು. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ಹಿಂಡು ಕಾಲಕ್ಕೆ ತಕ್ಕಂತೆ ಮೈಲಿಗಟ್ಟಲೆ ನಡೆದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಹೋಯಿತೆಂದು ಯಾರೂ ಅಳುತ್ತಿರಲಿಲ್ಲ. ಬರುವ ಹೊತ್ತಿಗೆ ಇಲ್ಲಿ ಹುಲ್ಲು ಚಿಗುರಿರುತ್ತಿತ್ತು.

1860ರಲ್ಲಿ ಬ್ರಿಟಿಷ್ ಆಡಳಿತಕ್ಕೆ ಈ ಹಿಂಡು ದಂಡದ ಖರ್ಚಾಗಿ ಕಂಡಿತು. ಉಳಿತಾಯದ ಹೆಸರಿನಲ್ಲಿ ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಸೈನ್ಯದ ಗಾಡಿಗಳನ್ನು ಎಳೆಯಲು ಅಂಥ ಎತ್ತು ಸಿಗದೆ, 1866ರಲ್ಲಿ ಮತ್ತೆ ಹಿಂಡು ಕಟ್ಟಲು ಕೂತರು. ಮಾರಲು ಒಂದು ಆಜ್ಞೆ ಸಾಕು, ಕಟ್ಟಲು ತಲೆಮಾರು ಬೇಕು. ಇಂದು ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಹಿಂಡು ಇದೆ. ಕಡೂರು ಕಡೆಯ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಎಷ್ಟೋ ಕಾವಲುಗಳು ಮಾತ್ರ ಕರಗಿಹೋದವು. ವಿಜ್ಞಾನಿಗಳ ವಿಷಯವೂ ಇಷ್ಟೇ. ಹೋಗುವ ದಾರಿಗೆ ಬೇಲಿ ಹಾಕಿ ಯಾರನ್ನೂ ಉಳಿಸಿಕೊಂಡವರಿಲ್ಲ. ಹಾಕಬೇಕಾದದ್ದು ಕಾವಲಿಗೆ ಬೇಲಿ.

ಈಗ ಆ ಮನೆಯ ಪ್ರಶ್ನೆಗಳಿಗೆ ಬರುತ್ತೇನೆ. ನಿಮ್ಮ ಮನೆಯಲ್ಲೂ ಇವೇ ಪ್ರಶ್ನೆಗಳಿರಬಹುದು.

ಸಾಲದ ಮಾತು ಮೊದಲು. ವಿಜ್ಞಾನದ ಪಿಎಚ್.ಡಿ.ಗೆ ಸಾಮಾನ್ಯವಾಗಿ ಮನೆಯಿಂದ ದುಡ್ಡು ಸುರಿಯಬೇಕಿಲ್ಲ. ಜರ್ಮನಿಯಲ್ಲಿ ಸಂಶೋಧನಾ ವಿದ್ಯಾರ್ಥಿಯನ್ನು ಹಲವು ಕಡೆ ಕೆಲಸಕ್ಕೆ ತೆಗೆದುಕೊಂಡು ಸಂಬಳವನ್ನೇ ಕೊಡುತ್ತಾರೆ, ಇಲ್ಲವೇ ಫೆಲೋಷಿಪ್ ಇರುತ್ತದೆ. ಅಮೆರಿಕದಲ್ಲೂ ಬಹುಮಟ್ಟಿಗೆ ಪಾಠ ಹೇಳುವ ಅಥವಾ ಪ್ರಯೋಗಾಲಯದ ಕೆಲಸಕ್ಕೆ ಬದಲಾಗಿ ಶುಲ್ಕ ಮಾಫಿ ಮಾಡಿ ಖರ್ಚಿಗೆ ಕೊಡುತ್ತಾರೆ. ಲಕ್ಷಗಟ್ಟಲೆ ಕೇಳುವುದು ಹೆಚ್ಚಾಗಿ ಮಾಸ್ಟರ್ಸ್ ಕೋರ್ಸುಗಳು. ಆದ್ದರಿಂದ ಪಿಎಚ್.ಡಿ. ಎಂದು ಹೇಳಿ ಯಾರಾದರೂ ಅಡಿಕೆ ತೋಟ ಅಡ ಇಡಿಸಿದರೆ ಒಂದು ಸಲ ಅನುಮಾನಪಡಿ. ಪತ್ರದಲ್ಲಿ ಹಣ ಕೊಡುವವರು ಯಾರು, ಎಷ್ಟು, ಎಷ್ಟು ವರ್ಷಕ್ಕೆ, ಆರೋಗ್ಯ ವಿಮೆ ಇದೆಯೇ ಎಂದು ನೋಡಿ. ಆ ಮಾರ್ಗದರ್ಶಕರ ಬಳಿ ಈಗ ಓದುತ್ತಿರುವ ಒಬ್ಬಿಬ್ಬರ ಜತೆ ಮಗಳು ಮಾತಾಡಲಿ. ದೇಶದ ಹೆಸರಿಗಿಂತ ಗುರುವಿನ ಹೆಸರು ಮುಖ್ಯ.

ಇಲ್ಲೇ ಓದುವ ದಾರಿಯನ್ನೂ ಕೀಳೆಂದು ತಿಳಿಯಬೇಡಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಗೊತ್ತಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, ಜೀವವಿಜ್ಞಾನಕ್ಕೆ ಎನ್‌ಸಿಬಿಎಸ್, ಇವೆಲ್ಲ ಹೊರಗಿನವರೂ ಗೌರವಿಸುವ ಜಾಗಗಳು. ಬಿ.ಎಸ್ಸಿ., ಎಂ.ಎಸ್ಸಿ. ಓದುತ್ತಿರುವವರಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಷಿಪ್ ಇದೆ. ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ ಕೂತು ನೋಡಬಹುದು. ಸಂಶೋಧನೆ ತನಗೆ ಒಗ್ಗುತ್ತದೆಯೋ ಇಲ್ಲವೋ ಎಂದು ಹೊರದೇಶಕ್ಕೆ ಹೋಗಿ ತಿಳಿಯುವುದಕ್ಕಿಂತ ಬೆಂಗಳೂರಿನಲ್ಲಿ ತಿಳಿಯುವುದು ಅಗ್ಗ.

ವಾಪಸ್ಸು ಬರುತ್ತಾಳಾ ಎಂದರೆ, ತಾಯಿ, ಅದನ್ನು ಯಾರೂ ಬರೆದುಕೊಡಲಾರರು. ಆಣೆ ಮಾಡಿಸಿ ಕಳಿಸಬೇಡಿ. ಮಗನಾಗಿದ್ದರೆ ಈ ಪ್ರಶ್ನೆಯನ್ನು ಇಷ್ಟು ಸಲ ಕೇಳುತ್ತಿದ್ದಿರಾ ಎಂದು ಮಾತ್ರ ಒಮ್ಮೆ ಯೋಚಿಸಿ. ಬಂದರೆ ಸೋತು ಬಂದಳೆಂದೂ, ಉಳಿದರೆ ಮರೆತು ಉಳಿದಳೆಂದೂ ಅನ್ನದಿದ್ದರೆ ಅಷ್ಟೇ ದೊಡ್ಡ ಉಪಕಾರ.

ಸರ್ಕಾರದ ದುಡ್ಡಿನ ಋಣದ ಬಗ್ಗೆ ಸೋದರಮಾವ ಕೇಳಿದ್ದು ಸರಿಯಾದ ಪ್ರಶ್ನೆ. ಋಣ ಇದ್ದೇ ಇದೆ. ಅದನ್ನು ತೀರಿಸಲು ಬಗೆಬಗೆಯ ದಾರಿಗಳೂ ಇವೆ. ಆದರೆ ಹೋಗುವವರನ್ನು ಕೇಳುವಷ್ಟೇ ಗಟ್ಟಿಯಾಗಿ ಕರೆಯಬೇಕಾದವರನ್ನೂ ಕೇಳಬೇಕು. ಖಾಲಿ ಹುದ್ದೆ ಏಕೆ ತುಂಬಿಲ್ಲ, ಅರ್ಜಿಗೆ ಉತ್ತರ ಏಕಿಲ್ಲ, ಫೆಲೋಷಿಪ್ ಏಕೆ ತಡ? ಗೋದಲಿ ಖಾಲಿ ಇಟ್ಟು ಎತ್ತನ್ನು ಬೈದರೆ ನ್ಯಾಯವೇ?

ಮೊನ್ನೆ ಅಪ್ಪ ಫೋನು ಮಾಡಿದ್ದರು. ಮಗಳು ಒಪ್ಪಿಗೆ ಬರೆದಳಂತೆ. ಸಾಲ ಬೇಕಾಗಲಿಲ್ಲ, ವಿಮಾನದ ಖರ್ಚಿಗೆ ಈರುಳ್ಳಿ ದುಡ್ಡು ಸಾಕಂತೆ. ಅಮ್ಮ ಈಗಲೇ ಚಟ್ನಿಪುಡಿಗೆ ಮೆಣಸಿನಕಾಯಿ ಒಣಗಿಸುತ್ತಿದ್ದಾರಂತೆ. ಆದರೆ ಹುಡುಗಿಯ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ಅದನ್ನು ನಾನೊಬ್ಬನೇ ಕೊಡಲು ಬರುವುದಿಲ್ಲ. ಅವಳ ಓದು ಮುಗಿಯಲು ನಾಲ್ಕೈದು ವರ್ಷ ಬೇಕು. ಉತ್ತರ ಸಿದ್ಧಮಾಡಿಕೊಳ್ಳಲು ನಮಗಿರುವ ಕಾಲವೂ ಅಷ್ಟೇ.